ಪುಷ್ಪಕ್ ಇಳಿದದ್ದು ನಮ್ಮ ದುರ್ಗದ ಬಯಲಿಗೆ!

2024ರ ಜೂನ್ 23, ಭಾನುವಾರ. ಬೆಳಿಗ್ಗೆ 7 ಗಂಟೆ 10 ನಿಮಿಷ. ಹಿರಿಯೂರಿನಲ್ಲಿ, ಹೊಸದುರ್ಗದಲ್ಲಿ, ಹೊಳಲ್ಕೆರೆಯಲ್ಲಿ ಜನ ಎದ್ದು ಮುಖ ತೊಳೆದು ಕಾಫಿಗೆ ಕೂರುವ ಹೊತ್ತು. ಅದೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ಹುಲ್ಲುಗಾವಲಿನ ಮೇಲೆ, ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ, ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ತನ್ನ ಹೊಟ್ಟೆಯ ಕೆಳಗೆ ನೇತುಹಾಕಿಕೊಂಡು ಬಂದಿದ್ದ, ಇಸ್ರೊದ ಪುಷ್ಪಕ್ ಎಂಬ ವಿಮಾನವನ್ನು ಕೈಬಿಟ್ಟಿತು. ಬೇಕೆಂದೇ ಬಿಟ್ಟಿತು! ಆ ವಿಮಾನಕ್ಕೆ ಚಾಲಕನಿಲ್ಲ. ಎಂಜಿನ್ ಇಲ್ಲ. ರನ್‌ವೇ ಇನ್ನೂ ನಾಲ್ಕೂವರೆ ಕಿಲೋಮೀಟರ್ ಮುಂದಿದೆ, ಅದೂ ನೇರಕ್ಕಿಲ್ಲ, 500 ಮೀಟರ್ ಪಕ್ಕಕ್ಕೆ. ಎದುರಿಗೆ ಬಯಲುಸೀಮೆಯ ಗಾಳಿ.

ಮುಂದೆ ನಡೆದದ್ದನ್ನು ಇಸ್ರೊ ಬಿಡುಗಡೆ ಮಾಡಿದ ವಿಡಿಯೊದಲ್ಲಿ ನೋಡಿ. ಬಿಟ್ಟೊಡನೆ ಮೂತಿ ಕೆಳಗಾಗುತ್ತದೆ, ಮೈ ಒಂದಿಷ್ಟು ವಾಲುತ್ತದೆ, ಪಕ್ಕಕ್ಕಿದ್ದ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ, ಕೊನೆಯ ಗಳಿಗೆಯಲ್ಲಿ ಮೂತಿ ಎತ್ತಿ ಹಿಂದಿನ ಚಕ್ರಗಳನ್ನು ರನ್‌ವೇಯ ನಟ್ಟನಡುವಿನ ಗೆರೆಯ ಮೇಲೆ ಊರುತ್ತದೆ. ಆಗಿನ ವೇಗ ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚು. ನಾವು ನೀವು ಕೂರುವ ಪ್ರಯಾಣಿಕ ವಿಮಾನ ನೆಲ ಮುಟ್ಟುವುದು ಸುಮಾರು 260ರಲ್ಲಿ, ಯುದ್ಧವಿಮಾನ 280ರಲ್ಲಿ. ಯುದ್ಧವಿಮಾನಕ್ಕಿಂತ ಬಿರುಸಾಗಿ, ಒಬ್ಬ ಮನುಷ್ಯನ ಕೈಯೂ ತಾಗದೆ, ಪುಷ್ಪಕ್ ಇಳಿಯಿತು. ಇಳಿದದ್ದು ಅಮೆರಿಕದ ಮರುಭೂಮಿಯಲ್ಲಲ್ಲ, ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ!

ಇದರಲ್ಲಿ ಅಷ್ಟೊಂದು ಬೆರಗಾಗುವಂಥದ್ದೇನಿದೆ ಎಂದು ಕೇಳುವವರಿಗೆ ಮೊದಲು ವೇಗ ಎಂದರೇನು ಎಂಬುದನ್ನು ನಮ್ಮೂರ ನಕ್ಷೆಯ ಮೇಲೇ ತೋರಿಸಬೇಕು.

ನಾಲ್ಕು ಊರು, ನಾಲ್ಕು ನಿಮಿಷ

ಪ್ರಯಾಣಿಕರನ್ನು ಕೂರಿಸಿಕೊಂಡು ಶಬ್ದದ ವೇಗ ಮೀರಿ ಹಾರಿದ ವಿಮಾನಗಳು ಜಗತ್ತಿನಲ್ಲಿ ಎರಡೇ. ಒಂದು ಸೋವಿಯತ್ ಒಕ್ಕೂಟದ ಟುಪೊಲೆವ್ 144. ಅದು 1977ರ ನವೆಂಬರಿನಿಂದ 1978ರ ಜೂನ್‌ವರೆಗೆ ಜನರನ್ನು ಹೊತ್ತು ಹಾರಿ, ಅಷ್ಟಕ್ಕೇ ಮನೆ ಸೇರಿತು. ಇನ್ನೊಂದು ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಕಟ್ಟಿದ ಕಾಂಕಾರ್ಡ್. 1976ರ ಜನವರಿ 21ರಂದು ಟಿಕೆಟ್ ಕೊಂಡ ಜನರನ್ನು ಮೊದಲ ಸಲ ಕೂರಿಸಿಕೊಂಡು ಹೊರಟ ಅದು 27 ವರ್ಷ ಹಾರಿತು. ವೇಗ ಶಬ್ದದ ಎರಡು ಪಟ್ಟು, ಗಂಟೆಗೆ ಸುಮಾರು 2,150 ಕಿಲೋಮೀಟರ್. ಅಂದರೆ ಸೆಕೆಂಡಿಗೆ 600 ಮೀಟರ್.

ಈಗ ಆ ವಿಮಾನದಲ್ಲಿ ನಿಮಗೊಂದು ಸೀಟು ಸಿಕ್ಕಿದೆ ಎಂದುಕೊಳ್ಳಿ. ಚಿತ್ರದುರ್ಗದ ಕೋಟೆಯ ನೆತ್ತಿಯಿಂದ ಲೆಕ್ಕ ಶುರು. ಹೊಳಲ್ಕೆರೆ ನೇರ ಗೆರೆಯಲ್ಲಿ ಸುಮಾರು 32 ಕಿಲೋಮೀಟರ್: 53 ಸೆಕೆಂಡು. ಹೊಳಲ್ಕೆರೆಯ ಅಡಿಕೆ ತೋಟಗಳಿಂದ ಹೊಸದುರ್ಗದ ತೆಂಗಿನ ಸಾಲಿಗೆ 29 ಕಿಲೋಮೀಟರ್: 48 ಸೆಕೆಂಡು. ಅಲ್ಲಿಂದ ವಾಣಿವಿಲಾಸ ಸಾಗರದ ನೀರು ದಾಟಿ ಹಿರಿಯೂರಿಗೆ 40 ಕಿಲೋಮೀಟರ್: 67 ಸೆಕೆಂಡು. ಹಿರಿಯೂರಿನಿಂದ ಮತ್ತೆ ದುರ್ಗಕ್ಕೆ 39 ಕಿಲೋಮೀಟರ್: 65 ಸೆಕೆಂಡು. ಒಟ್ಟು ಸುತ್ತು ಮುಗಿಯಲು ನಾಲ್ಕು ನಿಮಿಷವೂ ಬೇಡ! ಬೆಳಿಗ್ಗೆ ಬಸ್ಸು ಹತ್ತಿದವರು ಈ ನಾಲ್ಕು ಊರು ಸುತ್ತಿ ಬರುವಷ್ಟರಲ್ಲಿ ಸಂಜೆಯಾಗುತ್ತದೆ.

ಇನ್ನೊಂದು ಲೆಕ್ಕ ಕೇಳಿ. ಹಿರಿಯೂರಿನಲ್ಲಿ ಎದ್ದ ಶಬ್ದ ಗಾಳಿಯಲ್ಲಿ ತೇಲಿ ದುರ್ಗ ತಲುಪುವುದಾದರೆ ಅದಕ್ಕೆ ಸುಮಾರು ಎರಡು ನಿಮಿಷ ಬೇಕು. ವಿಮಾನ ಒಂದೇ ನಿಮಿಷದಲ್ಲಿ ಬಂದಿರುತ್ತದೆ. ನಿಮ್ಮ ಮಾತಿಗಿಂತ ಮೊದಲು ನೀವೇ ಊರು ಸೇರಿರುತ್ತೀರಿ.

ಆದರೆ ಈ ಲೆಕ್ಕದಲ್ಲಿ ಒಂದು ಮೋಸವಿದೆ. ಅದೇ ಇಡೀ ಕತೆಯ ಬೀಗದ ಕೈ. ಕಾಂಕಾರ್ಡ್ ಆ ವೇಗದಲ್ಲಿ ನಮ್ಮ ನಾಲ್ಕು ಊರು ಸುತ್ತಲಾರದು, ಏಕೆಂದರೆ ಅದು ತಿರುಗಲಾರದು. ಸೆಕೆಂಡಿಗೆ 600 ಮೀಟರ್ ಓಡುವ ವಿಮಾನ 30 ಡಿಗ್ರಿ ವಾಲಿಕೊಂಡು ತಿರುಗಿದರೂ ಆ ತಿರುವಿನ ತ್ರಿಜ್ಯವೇ 60 ಕಿಲೋಮೀಟರ್ ದಾಟುತ್ತದೆ. ದುರ್ಗದಲ್ಲಿ ತಿರುಗಲು ಹೊರಟರೆ ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಅದು ಹೊರಟ ದಾರಿಯಿಂದ 120 ಕಿಲೋಮೀಟರಿಗಿಂತ ದೂರ ಸರಿದಿರುತ್ತದೆ. ಇಡೀ ಜಿಲ್ಲೆಯೂ ಅದಕ್ಕೆ ಸಾಲದು! ವೇಗ ಬಂದಾಗ ಕೈಯಿಂದ ಮೊದಲು ಜಾರುವುದು ಹಿಡಿತ. ಈ ಮಾತು ನೆನಪಿರಲಿ. ಪುಷ್ಪಕ್ ಮಾಡಿದ ಸಾಹಸದ ಬೆಲೆ ತಿಳಿಯುವುದು ಇಲ್ಲಿಂದಲೇ.

ಟೋಪಿ ಸಿಕ್ಕಿಕೊಂಡ ಸಂದು

ಕಾಂಕಾರ್ಡಿನ ಒಳಗೆ ಸುಮಾರು ನೂರು ಸೀಟು. ಕಿಟಕಿಗಳು ಅಂಗೈಯಗಲ. ಎದುರಿನ ಗೋಡೆಯಲ್ಲಿ ಒಂದು ಫಲಕ. ಅದರ ಮೇಲೆ ಮ್ಯಾಕ್ ಅಂಕಿ ಮೇಲೇರುವುದನ್ನು ಪ್ರಯಾಣಿಕರು ಕಣ್ಣೆವೆ ಮುಚ್ಚದೆ ನೋಡುತ್ತಿದ್ದರು. ಮ್ಯಾಕ್ 1 ಅಂದರೆ ಶಬ್ದದ ವೇಗ. ಆ ಗಡಿ ದಾಟುವಾಗ ಭೂಮಿ ಬಿರಿಯುತ್ತದೆ ಎಂದು ಕಾದು ಕೂತವರಿಗೆ ಆಗುತ್ತಿದ್ದುದು ಬೆನ್ನಿಗೊಂದು ಮೆಲ್ಲನೆ ನೂಕು, ಅಷ್ಟೇ. ಮ್ಯಾಕ್ 2 ಮುಟ್ಟಿದಾಗ ವಿಮಾನ 18 ಕಿಲೋಮೀಟರ್ ಎತ್ತರದಲ್ಲಿರುತ್ತಿತ್ತು. ಮೇಲೆ ಆಕಾಶ ನೀಲಿ ಬಿಟ್ಟು ಕಪ್ಪಿನತ್ತ ಹೊರಳಿರುತ್ತಿತ್ತು. ದಿಗಂತ ಬಾಗಿ, ಭೂಮಿ ಗುಂಡಗಿದೆ ಎಂಬುದು ಪಠ್ಯಪುಸ್ತಕದಿಂದ ಎದ್ದು ಬಂದು ಕಿಟಕಿಯಲ್ಲಿ ನಿಲ್ಲುತ್ತಿತ್ತು.

ಹೊರಗಿನ ಗಾಳಿ ಸೊನ್ನೆಗಿಂತ 50 ಡಿಗ್ರಿಗೂ ಕೆಳಗೆ ಕೊರೆಯುತ್ತಿದ್ದರೆ, ವಿಮಾನದ ಮೂತಿ ಗಾಳಿಯನ್ನು ಒತ್ತಿ ಒತ್ತಿ 127 ಡಿಗ್ರಿಯವರೆಗೆ ಕಾಯುತ್ತಿತ್ತು! ನೀರು ಕುದಿಯುವುದಕ್ಕೂ ಮೀರಿದ ಬಿಸಿ. ಒಳಗಿನಿಂದ ಕಿಟಕಿ ಮುಟ್ಟಿದರೆ ಬೆಚ್ಚಗಿರುತ್ತಿತ್ತು. ಕಾದ ಲೋಹ ಹಿಗ್ಗಬೇಕಲ್ಲ? ಹಿಗ್ಗುತ್ತಿತ್ತು. ಇಡೀ ವಿಮಾನ ಹಾರುತ್ತ ಹಾರುತ್ತಲೇ ಒಂದು ಗೇಣಷ್ಟು ಉದ್ದವಾಗುತ್ತಿತ್ತು. ಚಾಲಕರ ಕೋಣೆಯಲ್ಲಿ ಫ್ಲೈಟ್ ಎಂಜಿನಿಯರನ ಫಲಕಕ್ಕೂ ಹಿಂಬದಿಯ ಗೋಡೆಗೂ ನಡುವೆ ಹಾರಾಟದಲ್ಲಿ ಒಂದು ಸಂದು ತೆರೆದುಕೊಳ್ಳುತ್ತಿತ್ತು, ಇಳಿದು ತಣ್ಣಗಾದ ಮೇಲೆ ಮುಚ್ಚಿಕೊಳ್ಳುತ್ತಿತ್ತು. ಕೊನೆಯ ಹಾರಾಟಗಳಲ್ಲಿ ಕೆಲವು ಎಂಜಿನಿಯರುಗಳು ತಮ್ಮ ಟೋಪಿಯನ್ನು ಆ ಸಂದಿಗೆ ತುರುಕಿಬಿಟ್ಟರು. ಆ ವಿಮಾನಗಳು ಮತ್ತೆ ಹಾರಲಿಲ್ಲ, ಸಂದು ಮತ್ತೆ ತೆರೆಯಲಿಲ್ಲ.

ಲಂಡನ್ನಿನಿಂದ ನ್ಯೂಯಾರ್ಕಿಗೆ ಮೂರೂವರೆ ಗಂಟೆ. 1996ರ ಫೆಬ್ರುವರಿ 7ರಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 2 ಗಂಟೆ 52 ನಿಮಿಷ 59 ಸೆಕೆಂಡಿನಲ್ಲೇ ಬಂದಿಳಿದ ದಾಖಲೆಯೂ ಇದೆ. ಅಂದಹಾಗೆ, ನಮ್ಮ ಏರ್ ಇಂಡಿಯಾ ಕೂಡ ಒಂದು ಕಾಲಕ್ಕೆ ಎರಡು ಕಾಂಕಾರ್ಡ್ ಕೊಳ್ಳುವ ಯೋಚನೆಯಲ್ಲಿ ಹೆಸರು ಬರೆಸಿತ್ತು. ಕೊಳ್ಳಲಿಲ್ಲ.

ಗುಡುಗಿಲ್ಲದ ಗುಡುಗು

ಕೊಳ್ಳದಿದ್ದದ್ದಕ್ಕೆ ದುಡ್ಡೊಂದೇ ಕಾರಣವಲ್ಲ, ಸದ್ದೂ ಕಾರಣ. ವಾಣಿವಿಲಾಸ ಸಾಗರದಲ್ಲಿ ದೋಣಿ ಬಿರುಸಾಗಿ ಹೋದರೆ ಅದರ ಹಿಂದೆ ನೀರಿನಲ್ಲಿ ಬಾಣದಾಕಾರದ ಅಲೆ ಏಳುತ್ತದೆ. ದೋಣಿ ದಾಟಿಹೋದ ಎಷ್ಟೋ ಹೊತ್ತಿಗೆ ಅಲೆ ದಡಕ್ಕೆ ಬಂದು ಬಡಿಯುತ್ತದೆ. ಶಬ್ದ ಮೀರಿದ ವಿಮಾನದ ಹಿಂದೆ ಗಾಳಿಯಲ್ಲಿ ಏಳುವುದೂ ಅಂಥದೇ ಅಲೆ. ಅದು ನೆಲಕ್ಕೆ ಬಡಿದಾಗ ಕೇಳುವುದೇ ಸಾನಿಕ್ ಬೂಮ್.

ಕಾಂಕಾರ್ಡ್ ಚಳ್ಳಕೆರೆ ಕಡೆಯಿಂದ ಬಂದು ದುರ್ಗದ ಮೇಲೆ ಹಾದುಹೋಯಿತೆನ್ನಿ. ಹಾದುಹೋಗುವಾಗ ಕೋಟೆಯಲ್ಲಿ ನಿಂತವರಿಗೆ ಪಿಟ್ಟೆನ್ನುವ ಸದ್ದೂ ಇಲ್ಲ! ಸುಮಾರು 50 ಸೆಕೆಂಡು ಕಳೆದು ಬುರುಜುಗಳು ಅದುರುವಂತೆ ಢಮ್ಮೆನ್ನುತ್ತದೆ. ಅಷ್ಟರಲ್ಲಿ ವಿಮಾನ ಹೆಚ್ಚುಕಡಿಮೆ ಹೊಳಲ್ಕೆರೆಯ ಮೇಲಿರುತ್ತದೆ. ಆ ಸದ್ದಿನ ಚಾಪೆ ನೆಲದ ಮೇಲೆ ಹತ್ತಿರ ಹತ್ತಿರ ನೂರು ಕಿಲೋಮೀಟರ್ ಅಗಲ ಹಾಸಿಕೊಳ್ಳುತ್ತದೆ; ವಿಮಾನ ಹೋದಲ್ಲೆಲ್ಲ ಬಿಚ್ಚಿಕೊಳ್ಳುತ್ತಲೇ ಹೋಗುತ್ತದೆ.

ಇದರ ರುಚಿಯನ್ನು ಬೆಂಗಳೂರಿನವರು 2020ರ ಮೇ 20ರ ಮಧ್ಯಾಹ್ನ ಕಂಡಿದ್ದಾರೆ. ಲಾಕ್‌ಡೌನಿನ ದಿನಗಳು. ಇದ್ದಕ್ಕಿದ್ದಂತೆ ಕಿಟಕಿ ಬಾಗಿಲು ಅದುರಿದವು. ಭೂಕಂಪವೋ, ಸ್ಫೋಟವೋ ಎಂದು ಜನ ಹೊರಗೋಡಿ ಬಂದರು. ಕೊನೆಗೆ ರಕ್ಷಣಾ ಇಲಾಖೆ ಗುಟ್ಟು ಬಿಚ್ಚಿತು: ವಾಯುಪಡೆಯ ವಿಮಾನವೊಂದು ಊರಾಚೆ ಬಹು ದೂರದಲ್ಲಿ ಪರೀಕ್ಷಾ ಹಾರಾಟ ನಡೆಸಿ, 36ರಿಂದ 40 ಸಾವಿರ ಅಡಿ ಎತ್ತರದಲ್ಲಿ ಶಬ್ದ ಮೀರಿದ ವೇಗದಿಂದ ಅದಕ್ಕಿಂತ ಕಡಿಮೆ ವೇಗಕ್ಕೆ ಇಳಿಯುವಾಗ ಹೊಮ್ಮಿದ ಸದ್ದು ಅದು. ಒಂದು ಸಲದ ಸದ್ದಿಗೇ ಅಷ್ಟು ಗಾಬರಿ. ದಿನಕ್ಕೆ ನಾಲ್ಕು ಸಲ ಆದರೆ ಯಾರು ತಡೆದಾರು? ಅಮೆರಿಕ 1973ರಲ್ಲೇ ತನ್ನ ನೆಲದ ಮೇಲೆ ನಾಗರಿಕ ವಿಮಾನಗಳು ಶಬ್ದ ಮೀರುವುದನ್ನು ನಿಷೇಧಿಸಿತು. ಬಹರೇನ್ ಮೂಲಕ ಸಿಂಗಪುರಕ್ಕೆ ಹೊರಟ ಕಾಂಕಾರ್ಡಿಗೆ ಭಾರತದ ಆಕಾಶದಲ್ಲೂ ಆ ಅನುಮತಿ ಸಿಗಲಿಲ್ಲ. ಆ ಮಾರ್ಗ 1980ರಲ್ಲಿ ನಿಂತುಹೋಯಿತು. 2000ದ ಜುಲೈ 25ರಂದು ಪ್ಯಾರಿಸ್ ಬಳಿ ಕಾಂಕಾರ್ಡ್ ಬಿದ್ದು 113 ಜನ ಸತ್ತರು. 2003ರ ಅಕ್ಟೋಬರ್ 24ಕ್ಕೆ ಟಿಕೆಟ್ ಕೊಂಡ ಜನರನ್ನು ಹೊತ್ತ ಕೊನೆಯ ಹಾರಾಟವೂ ಮುಗಿಯಿತು.

ಬೆಂಗಳೂರಿನಲ್ಲಿ ಹುಟ್ಟಿದ ತೇಜಸ್ ಯುದ್ಧವಿಮಾನ ಅದೇ 2003ರ ಆಗಸ್ಟ್ 1ರಂದು ಮೊದಲ ಬಾರಿ ಶಬ್ದದ ಗಡಿ ದಾಟಿತು. ಜಗತ್ತಿನ ಪ್ರಯಾಣಿಕರು ಆ ವೇಗವನ್ನು ಕಳೆದುಕೊಂಡ ವರ್ಷವೇ ಕರ್ನಾಟಕದ ವಿಮಾನ ಅದನ್ನು ಮುಟ್ಟಿತು!

7,700ರಲ್ಲಿ ಒಂದು ಪಾಲು

ಈಗ ಪುಷ್ಪಕ್‌ಗೆ ಬರೋಣ. ಕಾಂಕಾರ್ಡ್ ಶಬ್ದದ ಎರಡು ಪಟ್ಟು ಓಡಿತಲ್ಲ? ಇಸ್ರೊದ ಈ ರೆಕ್ಕೆಯ ವಾಹನದ ಅಣ್ಣ 2016ರ ಮೇ 23ರಂದೇ ಐದು ಪಟ್ಟು ಓಡಿದ್ದಾನೆ! ಆರೂವರೆ ಮೀಟರ್ ಉದ್ದ, ಒಂದೂಮುಕ್ಕಾಲು ಟನ್ ತೂಕ. ಶ್ರೀಹರಿಕೋಟಾದಿಂದ ರಾಕೆಟ್ ಬೆನ್ನೇರಿ 65 ಕಿಲೋಮೀಟರ್ ಎತ್ತರ ಮುಟ್ಟಿ, ಅಲ್ಲಿಂದ ಮ್ಯಾಕ್ 5ರಲ್ಲಿ ವಾತಾವರಣಕ್ಕೆ ಮರಳಿ, ಶಾಖ ತಡೆಯುವ ಹೆಂಚುಗಳ ಕವಚ ಹೊದ್ದು ಬಿಸಿ ನುಂಗಿ, ಸುಮಾರು 450 ಕಿಲೋಮೀಟರ್ ದೂರದ ಬಂಗಾಳ ಕೊಲ್ಲಿಯ ಮೇಲೆ ಗುರುತಿಟ್ಟ ಜಾಗಕ್ಕೆ ತೇಲಿಬಂತು. ಒಟ್ಟು 770 ಸೆಕೆಂಡು. ಆದರೆ ಅಲ್ಲಿ ರನ್‌ವೇ ಇರಲಿಲ್ಲ, ಸಮುದ್ರವೇ ಇಳಿದಾಣ. ವಾಹನ ಮರಳಿ ಕೈಗೆ ಸಿಗಲಿಲ್ಲ.

ಮುಂದಿನ ಗುರಿ ಇನ್ನೂ ಎತ್ತರದ್ದು. ಭೂಮಿಯ ಕಕ್ಷೆಗೇ ಹೋಗಿ, ಅಲ್ಲಿಂದ ಮರಳಿ, ವಿಮಾನದಂತೆ ನೆಲಕ್ಕಿಳಿದು, ಮತ್ತೆ ಹಾರಬೇಕು. ಕಕ್ಷೆಯ ವೇಗ ಸೆಕೆಂಡಿಗೆ 7.8 ಕಿಲೋಮೀಟರ್. ನಮ್ಮ ನಾಲ್ಕು ಊರಿನ ಸುತ್ತಿನಷ್ಟು ದೂರ ಅಲ್ಲಿ 18 ಸೆಕೆಂಡಿನ ಮಾತು. ಆ ವೇಗದಲ್ಲಿರುವ ವಾಹನ ಗಂಟೆಗೆ 320 ಕಿಲೋಮೀಟರಿಗೆ ಇಳಿದು ರನ್‌ವೇ ಮುಟ್ಟಬೇಕಾದರೆ ತನ್ನ ಚಲನಶಕ್ತಿಯ 7,700 ಪಾಲಿನಲ್ಲಿ ಒಂದೇ ಒಂದು ಪಾಲು ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ದಾರಿಯಲ್ಲೇ ಕಳೆಯಬೇಕು! ಬ್ರೇಕ್ ಹಾಕಲು ರಸ್ತೆಯಿಲ್ಲ, ಇರುವುದು ಗಾಳಿ ಮಾತ್ರ. ಹಾಗೆ ಕಳೆದ ಶಕ್ತಿಯೆಲ್ಲ ಬೆಂಕಿಯಂಥ ಬಿಸಿಯಾಗುತ್ತದೆ. 2003ರ ಫೆಬ್ರುವರಿ 1ರಂದು ಗಗನಯಾತ್ರಿ ಕಲ್ಪನಾ ಚಾವ್ಲಾ ಮತ್ತು ಆರು ಮಂದಿ ಸಂಗಾತಿಗಳನ್ನು ನಾವು ಕಳೆದುಕೊಂಡದ್ದು ಬಾಹ್ಯಾಕಾಶಕ್ಕೆ ಹೋಗುವಾಗಲ್ಲ, ಮರಳುವಾಗ.

ಉಳಿದ ಆ ಒಂದು ಪಾಲನ್ನು ಸುರಕ್ಷಿತವಾಗಿ ನೆಲಕ್ಕಿಳಿಸುವುದು ಹೇಗೆಂಬ ಪಾಠವೇ ನಮ್ಮ ಬಯಲಲ್ಲಿ ನಡೆದದ್ದು. ಮೂರು ಪರೀಕ್ಷೆ: 2023ರ ಏಪ್ರಿಲ್ 2, 2024ರ ಮಾರ್ಚ್ 22, ಮತ್ತೆ ಜೂನ್ 23. ಮೂರಕ್ಕೆ ಮೂರೂ ಪಾಸು!

ಮೊದಲನೆಯದರಲ್ಲೇ ಒಂದು ವಿಶ್ವದಾಖಲೆ. ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರಿನಲ್ಲಿ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೊಯ್ದು ಬಿಟ್ಟು, ಅದು ತಾನಾಗಿ ರನ್‌ವೇಗೆ ಇಳಿದದ್ದು ಜಗತ್ತಿನಲ್ಲೇ ಅದು ಮೊದಲು. ಎರಡನೆಯದರಲ್ಲಿ ಬೇಕೆಂದೇ ದಾರಿ ತಪ್ಪಿಸಿ ಬಿಟ್ಟರು, ತಿದ್ದಿಕೊಂಡು ಬಂತು. ಮೂರನೆಯದರಲ್ಲಿ ಇನ್ನೂ ಹೆಚ್ಚು ತಪ್ಪಿಸಿದರು, ಗಾಳಿಯೂ ಜೋರಿತ್ತು. ಆದರೂ ನಡುಗೆರೆಗೇ ಬಂತು. ಇನ್ನೊಂದು ಸಂಗತಿ ಮರೆಯಬಾರದು: ಮಾರ್ಚಿನಲ್ಲಿ ಇಳಿದ ಅದೇ ಮೈ, ಅದೇ ಉಪಕರಣಗಳನ್ನೇ ಜೂನಿನಲ್ಲಿ ಮತ್ತೆ ಹಾರಿಸಿದರು. ಮರುಬಳಕೆ ಎಂಬುದು ಕಾಗದದ ಮೇಲಿನ ಮಾತಾಗಿ ಉಳಿಯಲಿಲ್ಲ.

ಹೇಗೆ ಸಾಧ್ಯವಾಯಿತು? ಬಾಹ್ಯಾಕಾಶದಿಂದ ಮರಳುವಾಗಿನ ಬಿಸಿ ತಾಳಲು ಕಟ್ಟಿದ ಮೈ ಮೊಂಡು, ರೆಕ್ಕೆ ಮೋಟು. ಗಾಳಿಯಲ್ಲಿ ತೇಲುವ ಗುಣ ಅದಕ್ಕೆ ಕಡಿಮೆ. ಮಾಮೂಲು ವಿಮಾನ ಮೂರು ಡಿಗ್ರಿಯ ಇಳಿಜಾರಿನಲ್ಲಿ ಹಾಯಾಗಿ ಬರುತ್ತದೆ. ಇದು ಕಡಿದಾಗಿ ಧುಮುಕಲೇಬೇಕು, ಅದಕ್ಕೇ ಆ ಬಿರುಸು. ಎಂಜಿನ್ ಇಲ್ಲದ್ದರಿಂದ ‘ಇನ್ನೊಂದು ಸುತ್ತು ಹಾಕಿ ಬರೋಣ’ ಎನ್ನುವಂತಿಲ್ಲ. ಸಿಗುವುದು ಒಂದೇ ಅವಕಾಶ. ಆದ್ದರಿಂದ ಅದರ ಕಣ್ಣು ಕಿವಿಗಳು ಹಲವು: ನಮ್ಮದೇ ನಾವಿಕ್ ಉಪಗ್ರಹಗಳ ಸಂಕೇತ, ಎತ್ತರ ಅಳೆಯುವ ರೇಡಾರ್, ರನ್‌ವೇ ಬಳಿಯ ನೆಲದಲ್ಲಿಟ್ಟು ಉಪಗ್ರಹದಂತೆ ದಾರಿ ಹೇಳುವ ಸ್ಯೂಡೊಲೈಟ್‌ಗಳು, ಮೈಯೊಳಗಿನ ಜಡತ್ವ ಸಂವೇದಕಗಳು. ಎಲ್ಲವನ್ನೂ ಕೂಡಿಸಿ ಕಂಪ್ಯೂಟರ್ ಕ್ಷಣಕ್ಷಣಕ್ಕೂ ತೀರ್ಮಾನ ಮಾಡುತ್ತದೆ. ಚಕ್ರ ನೆಲಕ್ಕೂರಿದೊಡನೆ ಬಾಲದಿಂದ ಪ್ಯಾರಾಚೂಟ್ ಬಿಚ್ಚಿಕೊಂಡು ವೇಗವನ್ನು 320ರಿಂದ 100ಕ್ಕೆ ಎಳೆದು ತರುತ್ತದೆ. ಉಳಿದಿದ್ದ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಅಲ್ಲೇ ಖರ್ಚು! ಆಮೇಲಷ್ಟೇ ಚಕ್ರದ ಬ್ರೇಕು. ಅಷ್ಟರವರೆಗೂ ಬಾಲದ ಚುಕ್ಕಾಣಿ ಮತ್ತು ಮುಂದಿನ ಚಕ್ರ ಎರಡೂ ಸೇರಿ ಓಟವನ್ನು ನಡುಗೆರೆಯಿಂದ ಜಗ್ಗದಂತೆ ಹಿಡಿದಿರುತ್ತವೆ.

ವೇಗದ ದನಗಳ ಕಾವಲು

ಇಷ್ಟೆಲ್ಲ ನಡೆಯಲು ದುರ್ಗವೇ ಏಕೆ? ಮಟ್ಟಸ ನೆಲ, ಕಡಿಮೆ ಮಳೆ, ದೂರದೂರದ ಹಳ್ಳಿಗಳು, ಬೆಂಗಳೂರಿನ ಪ್ರಯೋಗಾಲಯಗಳಿಗೆ 200 ಕಿಲೋಮೀಟರ್ ಹಾದಿ. ಪುಷ್ಪಕ್ ಇಳಿದ ರನ್‌ವೇ ಇರುವುದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ; ಅದು ಸುಮಾರು 4,290 ಎಕರೆಯಲ್ಲಿ ಹಬ್ಬಿದೆ. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಅದನ್ನು ಉದ್ಘಾಟಿಸಿದರು. 2022ರ ಜುಲೈ 1ರಂದು ಬರೀ ರೆಕ್ಕೆಯಾಕಾರದ ಚಾಲಕರಹಿತ ವಿಮಾನವೂ ಇಲ್ಲೇ ಮೊದಲು ಹಾರಿ ಇಳಿಯಿತು. ಎಲ್ಲವೂ ಸಲೀಸಾಗಿ ಇಳಿದಿಲ್ಲ ಎಂಬುದೂ ನಿಜ. 2023ರ ಆಗಸ್ಟ್ 20ರಂದು ‘ತಪಸ್’ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲದಲ್ಲಿ ಬಿದ್ದಿತು; ನೋಡಲು ಸುತ್ತಲ ಹಳ್ಳಿಯವರೆಲ್ಲ ನೆರೆದರು. ಇಳಿಯುವ ವಿದ್ಯೆ ಸುಲಭವಲ್ಲವೆಂದು ಆ ಹೊಲವೇ ಹೇಳಿತು.

ಈ ನೆಲದ ಹಿಂದಿನ ಕತೆಯಂತೂ ರೋಮಾಂಚಕ. ಇದು ಅಮೃತ ಮಹಲ್ ಕಾವಲು. ಮೈಸೂರು ಅರಸರು ಬೆಳೆಸಿದ, ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಫಿರಂಗಿಗಳನ್ನು ಎಳೆದ ದನಗಳ ಮೇವಿನ ಬಯಲು. ಆ ತಳಿ ಹೆಸರುವಾಸಿಯಾದದ್ದು ಯಾವುದಕ್ಕೆ ಗೊತ್ತೆ? ವೇಗಕ್ಕೆ! ಶತ್ರು ಎಣಿಸುವ ಮೊದಲೇ ದಂಡು ಬಂದು ಎದುರು ನಿಲ್ಲುತ್ತಿದ್ದುದರ ಹಿಂದೆ ಈ ಎತ್ತುಗಳ ಕಾಲುಗಳಿದ್ದವು. ನಾಡಿನ ಅತಿ ವೇಗದ ದನಗಳನ್ನು ಸಾಕಿದ ಹುಲ್ಲುಗಾವಲು ಈಗ ಯುದ್ಧವಿಮಾನಕ್ಕಿಂತ ಬಿರುಸಾಗಿ ಇಳಿಯುವ ರೆಕ್ಕೆಯನ್ನು ಹಿಡಿದು ನಿಲ್ಲಿಸಿದೆ.

ಬೆರಗಿನ ಜೊತೆ ಸಾಲದ ಲೆಕ್ಕವೂ ಇದೆ. ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆಂದು ಚಳ್ಳಕೆರೆಯಲ್ಲಿ ಕೊಟ್ಟ ಕಾವಲು ಒಟ್ಟು ಹತ್ತು ಸಾವಿರ ಎಕರೆಯ ಆಸುಪಾಸು. ಅಲ್ಲಿ ಕುರಿ ದನ ಮೇಯಿಸಿ, ಉಣ್ಣೆಯಿಂದ ಕಂಬಳಿ ನೇಯ್ದು ಬದುಕುತ್ತಿದ್ದ ಹಳ್ಳಿಗರು ಬೇಲಿ ಬಿದ್ದಾಗ ಹೋರಾಡಿದರು, ದೂರು ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಆ ರನ್‌ವೇಯ ಬೆಲೆಯಲ್ಲಿ ಅವರ ಪಾಲೂ ಸೇರಿದೆ.

ಸೀಟು ಯಾವಾಗ?

ಪುಷ್ಪಕ್‌ನಲ್ಲಿ ಪ್ರಯಾಣಿಕರ ಸೀಟಿಲ್ಲ. ಅದಿನ್ನೂ ಪ್ರಯೋಗದ ವಾಹನ. ಕಕ್ಷೆಯಿಂದ ಮರಳುವ ದೊಡ್ಡ ಪರೀಕ್ಷೆ ಮುಂದಿದೆ. ಅತ್ತ ಜಗತ್ತೂ ಕೈಕಟ್ಟಿ ಕೂತಿಲ್ಲ. ಅಮೆರಿಕದ ಬೂಮ್ ಕಂಪನಿಯ ಪ್ರಯೋಗ ವಿಮಾನ 2025ರ ಜನವರಿ 28ರಂದು ಶಬ್ದದ ಗಡಿ ದಾಟಿತು. ಢಮ್ಮೆನ್ನುವ ಸದ್ದನ್ನು ಮೆಲ್ಲನೆಯ ತಟ್ಟಿಗೆ ಇಳಿಸುವ ಆಸೆಯಿಂದ ನಾಸಾ ಕಟ್ಟಿದ ಎಕ್ಸ್-59 ಅದೇ ವರ್ಷ ಅಕ್ಟೋಬರಿನಲ್ಲಿ ಮೊದಲು ಹಾರಿತು. ಶಬ್ದ ಮೀರಿದ ಸವಾರಿ ಮತ್ತೆ ಬಂದೇ ಬರುತ್ತದೆ. ಬಂದಾಗ ಅದರ ಗೆಲುವು ಸೋಲು ನಿಲ್ಲುವುದು ಎಷ್ಟು ವೇಗವಾಗಿ ಹೋಯಿತು ಎಂಬುದಕ್ಕಿಂತ ಎಷ್ಟು ಹಿಡಿತದಿಂದ ಇಳಿಯಿತು ಎಂಬುದರ ಮೇಲೆ. ಆ ವಿದ್ಯೆಯ ಮೂರು ಪರೀಕ್ಷೆಗಳನ್ನು ನಮ್ಮ ಜಿಲ್ಲೆ ನಡೆಸಿಕೊಟ್ಟಿದೆ.

ಇಷ್ಟಾಗಿಯೂ ಹೊಸದುರ್ಗದ ಹೈಸ್ಕೂಲು ಹುಡುಗಿಯೋ ಹೊಳಲ್ಕೆರೆಯ ಹುಡುಗನೋ ಪುಷ್ಪಕ್ ನೋಡಬೇಕೆಂದರೆ ಮೊಬೈಲೇ ಗತಿ. ಪರೀಕ್ಷಾ ಕ್ಷೇತ್ರಕ್ಕೆ ಸಾರ್ವಜನಿಕರು ಹೋಗುವಂತಿಲ್ಲ. ಭದ್ರತೆಯ ಕಾರಣ, ಒಪ್ಪೋಣ. ಆದರೆ ಶ್ರೀಹರಿಕೋಟಾದಲ್ಲಿ 2019ರಿಂದ ಐದು ಸಾವಿರ ಜನ ಕೂತು ರಾಕೆಟ್ ನೋಡುವ ಗ್ಯಾಲರಿ ಇದೆಯಲ್ಲ? ಇಸ್ರೊ, ಡಿಆರ್‌ಡಿಒ ಮತ್ತು ಜಿಲ್ಲಾಡಳಿತ ಮನಸ್ಸು ಮಾಡಿ, ಕೋಟೆ ನೋಡಲು ವರ್ಷವಿಡೀ ಜನ ಬರುವ ಚಿತ್ರದುರ್ಗದಲ್ಲೇ ಪುಷ್ಪಕ್‌ನ ಪೂರ್ಣ ಗಾತ್ರದ ಮಾದರಿಯನ್ನಿಟ್ಟು ಒಂದು ಪ್ರದರ್ಶನಾಲಯ ಕಟ್ಟಲಿ. ಕಾವಲು ಬಿಟ್ಟುಕೊಟ್ಟ ಹಳ್ಳಿಗಳ ಮಕ್ಕಳಿಗೆ ಅಲ್ಲಿ ಪ್ರವೇಶ ಉಚಿತವಾಗಿರಲಿ.